ನಳಂದದ ವಿದ್ಯಾರ್ಥಿ ಬರೆದಿಟ್ಟ ದಾರಿ

ಚಳಿಗಾಲದ ಬೆಳಿಗ್ಗೆ ನಳಂದದ ಅವಶೇಷಗಳ ಗೇಟಿನ ಮುಂದೆ ಒಂದರ ಹಿಂದೊಂದು ಬಸ್ಸು ಬಂದು ನಿಲ್ಲುತ್ತದೆ. ಸ್ವೆಟರ್ ತೊಟ್ಟ ಶಾಲಾ ಮಕ್ಕಳು, ಬಿಳಿ ಬಟ್ಟೆಯ ಶ್ರೀಲಂಕಾ ಯಾತ್ರಿಕರು, ಥಾಯ್ಲೆಂಡಿನ ಭಿಕ್ಷುಗಳು ಕೆಂಪು ಇಟ್ಟಿಗೆಯ ದಪ್ಪ ಗೋಡೆಗಳ ನಡುವೆ ಸಾಲಾಗಿ ನಡೆಯುತ್ತಾರೆ. ಗೈಡ್ ಒಂದು ಪುಟ್ಟ ಕೋಣೆಯ ಮುಂದೆ ನಿಂತು ಮಲಗುವ ಕಟ್ಟೆ, ಗೋಡೆಯ ಗೂಡು, ಅಂಗಳದ ಬಾವಿ ಎಂದು ಒಂದೊಂದನ್ನೇ ತೋರಿಸುತ್ತಾನೆ. ಆಮೇಲೆ ಅವನ ಬಾಯಲ್ಲಿ ಹ್ಯೂಯೆನ್ ತ್ಸಾಂಗ್ ಹೆಸರು ಬಂದೇ ಬರುತ್ತದೆ. ಬೋಧಗಯಾ, ಸಾರನಾಥ, ಶ್ರಾವಸ್ತಿ, ಕುಶಿನಗರ, ಗಡಿಯಾಚೆಯ ಲುಂಬಿನಿ, ಎಲ್ಲಿ ಹೋದರೂ ಅದೇ ಹೆಸರಿನ ಸಾಕ್ಷಿ.

ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಈತ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಪರಿಚಿತ. ಹರ್ಷವರ್ಧನನ ಕಾಲದಲ್ಲಿ ಬಂದ ಚೀನೀ ಯಾತ್ರಿಕ, ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಬಣ್ಣಿಸಿದವನು ಎಂದು ಬರೆದರೆ ಉತ್ತರ ಮುಗಿಯಿತು. ಆದರೆ ಆತ ಭಾರತಕ್ಕೆ ಬಂದದ್ದು ಮುಖ್ಯವಾಗಿ ಓದುವುದಕ್ಕೆ. ಪರದೇಶದಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ ಪಾಠದ ಹಿಂದೆ ಮುಂದೆ ಪುಣ್ಯಕ್ಷೇತ್ರಗಳನ್ನು ಸುತ್ತಿ, ಕಂಡದ್ದನ್ನು ಶಿಸ್ತಿನಿಂದ ಗುರುತು ಹಾಕಿಕೊಂಡ. ಹನ್ನೆರಡು ಶತಮಾನಗಳ ನಂತರ, ನಾವು ಮರೆತೇಬಿಟ್ಟಿದ್ದ ಎಷ್ಟೋ ಊರುಗಳು ಮತ್ತೆ ಸಿಕ್ಕಿದ್ದು ಆ ಗುರುತುಗಳ ಬಲದಿಂದ.

ಅಪ್ಪಣೆಯಿಲ್ಲದೆ ಹೊರಟವನು

ಹ್ಯೂಯೆನ್ ತ್ಸಾಂಗ್ ಹುಟ್ಟಿದ್ದು ಕ್ರಿ.ಶ. 602ರ ಸುಮಾರಿಗೆ, ಚೀನಾದ ಲೊಯಾಂಗ್ ನಗರದ ಹತ್ತಿರ. ಹದಿಮೂರರ ವಯಸ್ಸಿಗೇ ಮಠ ಸೇರಿದ ಹುಡುಗ. ಬೌದ್ಧ ಗ್ರಂಥಗಳ ಚೀನೀ ಅನುವಾದಗಳನ್ನು ಓದುತ್ತ ಹೋದಂತೆ ಅವನಿಗೆ ಸಮಾಧಾನ ತಪ್ಪಿತು. ಒಂದು ಅನುವಾದ ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುತ್ತಿತ್ತು. ಎಲ್ಲ ಜೀವಿಗಳೂ ಬುದ್ಧತ್ವ ಪಡೆಯಬಲ್ಲವೇ ಎಂಬ ಮೂಲ ಪ್ರಶ್ನೆಗೂ ಗುರುಗಳಲ್ಲಿ ಒಮ್ಮತವಿರಲಿಲ್ಲ. ‘ಯೋಗಾಚಾರಭೂಮಿ’ ಎಂಬ ಬೃಹತ್ ಗ್ರಂಥ ಪೂರ್ತಿ ಸಿಕ್ಕರೆ ಗೊಂದಲ ಕಳೆದೀತು ಎಂದು ಆತ ನಂಬಿದ. ಆ ಗ್ರಂಥವಿದ್ದದ್ದು ಭಾರತದಲ್ಲಿ, ಸಂಸ್ಕೃತದಲ್ಲಿ.

ಆಗಷ್ಟೇ ಪಟ್ಟಕ್ಕೆ ಬಂದಿದ್ದ ತಾಂಗ್ ದೊರೆ ತೈಝೋಂಗ್ ಪಶ್ಚಿಮದ ಗಡಿ ದಾಟುವುದನ್ನು ನಿಷೇಧಿಸಿದ್ದ. ಹ್ಯೂಯೆನ್ ತ್ಸಾಂಗ್ 629ರ ಸುಮಾರಿಗೆ ಅಪ್ಪಣೆಯಿಲ್ಲದೆ ಹೊರಟ. ಹಗಲು ಅಡಗಿ, ರಾತ್ರಿ ನಡೆದ. ಗೋಬಿ ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ, ದಿನಗಟ್ಟಲೆ ತೊಟ್ಟು ನೀರಿಲ್ಲದೆ ಸಾಗಿದ. ತುರ್ಫಾನಿನ ಅರಸ ಇವನ ಪಾಂಡಿತ್ಯಕ್ಕೆ ಮರುಳಾಗಿ ಅಲ್ಲೇ ಉಳಿಸಿಕೊಳ್ಳಲು ಹಟ ಹಿಡಿದಾಗ ಉಪವಾಸ ಕೂತು ಬಿಡುಗಡೆ ಪಡೆದ. ಸೋತ ಅರಸನೇ ದಾರಿಯ ರಾಜ್ಯಗಳಿಗೆ 24 ಪರಿಚಯ ಪತ್ರಗಳನ್ನು ಬರೆದುಕೊಟ್ಟ. ಸಮರ್ಕಂಡ್, ಬಾಮಿಯಾನ್, ಗಾಂಧಾರ ಹಾದು ಕಾಶ್ಮೀರಕ್ಕೆ ಬಂದು, ಅಲ್ಲಿ ಸುಮಾರು ಎರಡು ವರ್ಷ ಶಾಸ್ತ್ರ ಓದಿದ. ಗಂಗೆಯ ಬಯಲಿಗೆ ಇಳಿದದ್ದು ಆಮೇಲೆ.

ಬಾಗಿಲಲ್ಲೇ ಪರೀಕ್ಷೆ

637ರ ಹೊತ್ತಿಗೆ ಆತ ನಳಂದ ತಲುಪಿದ. ಆಗ ಅದು ಬರಿಯ ಮಠವಾಗಿರಲಿಲ್ಲ. ಹೊರಗಿನಿಂದ ವಾದಕ್ಕೆಂದು ಬಂದವರನ್ನು ಬಾಗಿಲಲ್ಲೇ ಕಠಿಣ ಪ್ರಶ್ನೆಗಳು ಎದುರುಗೊಳ್ಳುತ್ತಿದ್ದವು. ಹತ್ತು ಜನರಲ್ಲಿ ಏಳೆಂಟು ಜನ ಉತ್ತರಿಸಲಾರದೆ ಹಿಂದಿರುಗುತ್ತಿದ್ದರು ಎಂದು ಆತನೇ ಬರೆದಿದ್ದಾನೆ. ನೂರು ಹಳ್ಳಿಗಳ ಹುಟ್ಟುವಳಿ ಅಲ್ಲಿನವರ ಖರ್ಚಿಗೆ ಮೀಸಲಾಗಿತ್ತು. ಅಕ್ಕಿ, ಹಾಲು, ಬೆಣ್ಣೆ ದಿನವೂ ಹಳ್ಳಿಗಳಿಂದ ಬರುತ್ತಿದ್ದವು. ಅನ್ನಕ್ಕೆ ಅಲೆಯದೆ ಓದುವ ಅನುಕೂಲ ಅದು.

ಹ್ಯೂಯೆನ್ ತ್ಸಾಂಗನಿಗೆ ಸಿಕ್ಕ ದಿನದ ಪಡಿಯನ್ನು ಅವನ ಶಿಷ್ಯ ಹುಯಿಲಿ ಲೆಕ್ಕಸಮೇತ ದಾಖಲಿಸಿದ್ದಾನೆ. ಜಂಬೀರ 120, ಅಡಿಕೆ 20, ಜಾಯಿಕಾಯಿ 20, ಒಂದಿಷ್ಟು ಕರ್ಪೂರ, ಒಂದು ಅಳತೆ ಮಹಾಶಾಲಿ ಅಕ್ಕಿ. ಕಾಳು ಕಪ್ಪು ಅವರೆಗಿಂತ ದಪ್ಪ, ಬೇಯಿಸಿದರೆ ಘಮಘಮ, ಮಗಧದಲ್ಲಿ ಮಾತ್ರ ಬೆಳೆಯುವಂಥದ್ದು, ಅರಸರಿಗೂ ಹಿರಿಯ ವಿದ್ವಾಂಸರಿಗೂ ಮಾತ್ರ ಬಡಿಸುವಂಥದ್ದು ಎಂದು ಆ ಅಕ್ಕಿಯ ವರ್ಣನೆ. ಪರದೇಶಿ ವಿದ್ಯಾರ್ಥಿಯನ್ನು ಒಂದು ವಿದ್ಯಾಪೀಠ ಎಷ್ಟು ಆದರದಿಂದ ನಡೆಸಿಕೊಂಡಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ.

ನಳಂದದ ಹಿರಿಯ ಗುರು ಶೀಲಭದ್ರರು ಆಗಲೇ ಹಣ್ಣು ಹಣ್ಣು ಮುದುಕರು. ಅವರೇ ಕೂತು ‘ಯೋಗಾಚಾರಭೂಮಿ’ಯನ್ನು ಪಾಠ ಹೇಳಿದರು. ಒಂದು ಸಲ ಮುಗಿಸಲು ಹಿಡಿದದ್ದು 15 ತಿಂಗಳು. ಇದರ ಜೊತೆಗೆ ತರ್ಕ, ಸಂಸ್ಕೃತ ವ್ಯಾಕರಣ, ಎದುರು ಪಂಥಗಳ ವಾದಗಳು. ವಸುಬಂಧುವಿನ ‘ಅಭಿಧರ್ಮಕೋಶ’ವನ್ನು ಆತ ಮುಂದೆ ಚೀನೀ ಭಾಷೆಗೆ ತಂದ. ಅದೇ ಗ್ರಂಥವನ್ನು ಬೈಲಕುಪ್ಪೆಯ ಸೆರಾ ಮಠದಲ್ಲಿ, ಮುಂಡಗೋಡಿನ ಡ್ರೆಪುಂಗ್, ಗಾಂಡೆನ್ ಮಠಗಳಲ್ಲಿ ಟಿಬೆಟನ್ ಭಾಷೆಯಲ್ಲಿ ಈಗಲೂ ಓದುತ್ತಾರೆ. ಸಂಜೆ ಅಂಗಳದಲ್ಲಿ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುವ ಅಲ್ಲಿನ ಭಿಕ್ಷುಗಳು ನಳಂದದ ಪಾಠಪರಂಪರೆಯವರೇ. ಅದನ್ನು ನೋಡಬೇಕೆಂದರೆ ನಾವು ಬಿಹಾರದ ತನಕ ಹೋಗಬೇಕಾಗಿಲ್ಲ.

ಕಂಡದ್ದು ಹಾಳು ಊರುಗಳನ್ನು

ನಳಂದಕ್ಕೆ ಬರುವ ದಾರಿಯಲ್ಲೇ ಆತ ಬುದ್ಧನ ಬದುಕಿನ ನೆಲೆಗಳನ್ನೆಲ್ಲ ಸುತ್ತಿದ. ಸೇರಿಕೊಂಡ ಕೂಡಲೇ, ಪಾಠ ಶುರುವಾಗುವ ಮೊದಲು, ರಾಜಗೃಹಕ್ಕೆ ಹೋಗಿ ಗೃಧ್ರಕೂಟ ಬೆಟ್ಟವನ್ನೂ ವೇಣುವನವನ್ನೂ ನೋಡಿ ಬಂದ. ಅವನ ಕಾಲಕ್ಕೆ ಬುದ್ಧ ಹೋಗಿ ಸಾವಿರ ವರ್ಷದ ಮೇಲಾಗಿತ್ತು. ಚೀನಾದಲ್ಲಿ ಕೂತು ಓದಿದ್ದ ವೈಭವದ ನಗರಗಳು ಇಲ್ಲಿ ಪಾಳು ಬಿದ್ದಿದ್ದವು. ಶ್ರಾವಸ್ತಿ ಹಾಳು, ಕಪಿಲವಸ್ತು ಹಾಳು, ಕುಶಿನಗರದ ಕೋಟೆ ಕುಸಿದಿದೆ, ಗಾಂಧಾರದ ವಿಹಾರಗಳಲ್ಲಿ ಕಳೆ ಬೆಳೆದಿದೆ.

ಭಕ್ತನೊಬ್ಬ ಇಂಥದ್ದನ್ನು ಮುಚ್ಚಿಟ್ಟು ಹಳೆಯ ವೈಭವವನ್ನೇ ಬಣ್ಣಿಸಬಹುದಿತ್ತು. ಆತ ಹಾಗೆ ಮಾಡಲಿಲ್ಲ. ಯಾವ ವಿಹಾರದಲ್ಲಿ ಎಷ್ಟು ಭಿಕ್ಷುಗಳಿದ್ದಾರೆ, ಯಾವುದರ ಗೋಡೆ ಮಾತ್ರ ಉಳಿದಿದೆ, ಯಾವ ಸ್ತೂಪ ನೆಲಕ್ಕೆ ಕುಸಿದಿದೆ ಎಂದು ಸರಳವಾಗಿ ಬರೆದ. ಲುಂಬಿನಿಯಲ್ಲಿ ಅಶೋಕನ ಕಂಬದ ಮೇಲೊಂದು ಕುದುರೆಯ ಶಿಲ್ಪವಿತ್ತು, ಕಂಬ ನಡುವೆ ಮುರಿದು ಬಿದ್ದಿದೆ ಎಂದ. ಕುಶಿನಗರದಲ್ಲಿ ಇಟ್ಟಿಗೆಯ ಗುಡಿಯೊಳಗೆ ಉತ್ತರಕ್ಕೆ ತಲೆ ಹಾಕಿ ಮಲಗಿದ ಬುದ್ಧನ ಮೂರ್ತಿ ಇದೆ ಎಂದ.

ಬೋಧಗಯಾದಲ್ಲಿ ಮಾತ್ರ ಸಂಯಮ ಮುರಿಯಿತು. ಬೋಧಿವೃಕ್ಷದ ಮುಂದೆ ಮಕಾಡೆ ಬಿದ್ದು ಅತ್ತ. ಬುದ್ಧ ಇಲ್ಲಿ ಜ್ಞಾನ ಪಡೆದಾಗ ನಾನು ಯಾವ ಜನ್ಮದ ಸುಳಿಯಲ್ಲಿದ್ದೆನೋ, ಈಗ ಇಷ್ಟು ತಡವಾಗಿ ಬಂದೆನಲ್ಲ ಎಂದು ಹಲುಬಿದ ಎಂಬುದು ಹುಯಿಲಿ ಕೊಟ್ಟ ಚಿತ್ರ. ಮಳೆಗಾಲದ ವಾಸ ಮುಗಿಸಿ ಬಂದಿದ್ದ ಸಾವಿರಾರು ಭಿಕ್ಷುಗಳು ಸುತ್ತ ನಿಂತು ನೋಡಿದರು. ಎಂಟೊಂಬತ್ತು ದಿನ ಅಲ್ಲೇ ಉಳಿದು ಒಂದೊಂದು ನೆಲೆಗೂ ಪೂಜೆ ಸಲ್ಲಿಸಿದ. ಆಮೇಲೆ ನಳಂದದಿಂದ ನಾಲ್ವರು ಭಿಕ್ಷುಗಳು ಬಂದು ಕರೆದೊಯ್ದರು.

ಅಲ್ಲಿಯೂ ಅವನ ಕಣ್ಣು ಅಳತೆ ಬಿಡಲಿಲ್ಲ. ಮರ 40-50 ಅಡಿ ಎತ್ತರವಿದೆ, ಮೊದಲು ಇನ್ನೂ ಎತ್ತರವಿತ್ತು, ಕಡಿದು ಕಡಿದು ಹೀಗಾಗಿದೆ ಎಂದು ದಾಖಲಿಸಿದ. ಗೌಡದ ಅರಸ ಶಶಾಂಕ ಮರವನ್ನು ಕಡಿಸಿದ, ಮಗಧದ ಪೂರ್ಣವರ್ಮ ಸಾವಿರ ಹಸುಗಳ ಹಾಲೆರೆದು ಚಿಗುರಿಸಿ 24 ಅಡಿಯ ಗೋಡೆ ಕಟ್ಟಿಸಿದ ಎಂಬ ಕಥೆ ಬರುವುದೂ ಇಲ್ಲೇ. ಹರ್ಷನ ಆಶ್ರಯ ಪಡೆದವನು ಹರ್ಷನ ವೈರಿ ಶಶಾಂಕನ ಬಗ್ಗೆ ಬರೆದದ್ದನ್ನು ಇತಿಹಾಸಕಾರರು ಎಚ್ಚರದಿಂದ ಓದುತ್ತಾರೆ. ಹಾಗೆ ಓದುವುದೇ ಸರಿ. ಪವಾಡ, ಐತಿಹ್ಯಗಳೂ ಅವನ ಪುಸ್ತಕದಲ್ಲಿ ಧಾರಾಳವಾಗಿವೆ. ಅಳತೆ, ದಿಕ್ಕುಗಳ ವಿಷಯಕ್ಕೆ ಬಂದಾಗ ಅವನಷ್ಟು ನಂಬಬಹುದಾದ ಸಾಕ್ಷಿ ಆ ಕಾಲದಲ್ಲಿ ಇನ್ನೊಬ್ಬನಿಲ್ಲ.

ಪುಲಕೇಶಿಯ ನಾಡಿಗೆ

ನಳಂದದ ಓದಿನ ಒಂದು ಹಂತ ಮುಗಿದ ಮೇಲೆ ಆತ ದಕ್ಷಿಣಕ್ಕೆ ತಿರುಗಿದ. ಬಂಗಾಳ, ಕಳಿಂಗ, ಆಂಧ್ರ, ಅಮರಾವತಿಯ ಧಾನ್ಯಕಟಕ, ಅಲ್ಲಿಂದ ಕಾಂಚಿ. ಕಾಂಚಿ ಅವನ ಪಾಲಿಗೆ ಗುರುವಿನ ಗುರುವಿನ ಊರು. ಶೀಲಭದ್ರರಿಗೆ ಪಾಠ ಹೇಳಿದ ಧರ್ಮಪಾಲರು ಹುಟ್ಟಿದ್ದು ಅಲ್ಲಿ. ಕಾಂಚಿಯಿಂದ ಸಿಂಹಳಕ್ಕೆ ದಾಟುವ ಆಸೆಯಿತ್ತು. ಆದರೆ ದೊರೆ ಸತ್ತು, ಬರ ಬಿದ್ದು ಅಲ್ಲಿಂದ ಓಡಿಬಂದ ಭಿಕ್ಷುಗಳೇ ಎದುರಾದರು. ಹೋಗುವುದನ್ನು ಬಿಟ್ಟು ಉತ್ತರಕ್ಕೆ ಹೊರಳಿ ಕೊಂಕಣಪುರ ಎಂಬ ರಾಜ್ಯವನ್ನೂ, ಅಲ್ಲಿಂದ ಮಹಾರಾಷ್ಟ್ರವನ್ನೂ ಸೇರಿದ.

ಆ ಮಹಾರಾಷ್ಟ್ರದ ಅರಸನೇ ಬಾದಾಮಿ ಚಾಲುಕ್ಯ ಪುಲಕೇಶಿ. ನೆಲ ಫಲವತ್ತು, ಜನ ಎತ್ತರದ ಆಳುಗಳು, ಮಾನಧನರು. ಉಪಕಾರ ಮರೆಯರು, ಅಪಮಾನ ಸಹಿಸರು. ಸೋತು ಬಂದ ಸೇನಾನಿಗೆ ಬೇರೆ ಶಿಕ್ಷೆಯಿಲ್ಲ, ಹೆಂಗಸರ ಉಡುಗೆ ಕಳಿಸುತ್ತಾರೆ. ಯುದ್ಧಕ್ಕೆ ಮುನ್ನ ಯೋಧರೂ ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ. ಇವೆಲ್ಲ ಅವನ ಬರಹದ ವಿವರಗಳು. ಭಾರತದ ಐದೂ ಭಾಗಗಳ ಸೈನ್ಯ ಕೂಡಿಸಿ ಬಂದರೂ ಹರ್ಷನಿಗೆ ಈ ನಾಡನ್ನು ಗೆಲ್ಲಲಾಗಲಿಲ್ಲ ಎಂಬ ಮಾತು ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಯಾಕೆಂದರೆ ಅದೇ ಸಂಗತಿಯನ್ನು ರವಿಕೀರ್ತಿ 634ರಲ್ಲಿ ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಕೆತ್ತಿಸಿದ್ದ. ರವಿಕೀರ್ತಿ ಪುಲಕೇಶಿಯ ಆಶ್ರಯದ ಕವಿ, ಗೆದ್ದ ಕಡೆಯವನು. ಹ್ಯೂಯೆನ್ ತ್ಸಾಂಗ್ ಹರ್ಷನ ಅಭಿಮಾನಿ, ಸೋತ ಕಡೆಯವರ ಸ್ನೇಹಿತ. ಹಾಗಿದ್ದೂ ಇಬ್ಬರ ಮಾತು ಕೂಡುತ್ತದೆ. ಕರ್ನಾಟಕದ ಇತಿಹಾಸಕ್ಕೆ ಈ ಪರದೇಶಿ ವಿದ್ಯಾರ್ಥಿಯಿಂದ ಆದ ದೊಡ್ಡ ಉಪಕಾರ ಇದು.

ಈ ರಾಜ್ಯದ ಪೂರ್ವದಲ್ಲಿ ಬೆಟ್ಟ ಕೊರೆದು ಮಾಡಿದ ವಿಹಾರವೊಂದಿದೆ, ಅದನ್ನು ಅಚಲ ಎಂಬ ಭಿಕ್ಷು ಮಾಡಿಸಿದ, ಬಾಗಿಲಲ್ಲಿ ಕಲ್ಲಿನ ಆನೆಗಳಿವೆ ಎಂದೂ ಬರೆದಿದ್ದಾನೆ. ಅಜಂತಾದ 26ನೇ ಗುಹೆಯ ಶಾಸನದಲ್ಲಿ ಅಚಲನ ಹೆಸರಿದೆ. 16ನೇ ಗುಹೆಯ ಬಾಗಿಲಲ್ಲಿ ಆನೆಗಳು ಈಗಲೂ ನಿಂತಿವೆ.

ನದಿಯ ಪಾಲಾದ 50 ಗ್ರಂಥಗಳು

ಓದು, ವಾದ, ಹರ್ಷನ ಕನೌಜ್ ಸಭೆ, ಪ್ರಯಾಗದ ದಾನೋತ್ಸವ ಎಲ್ಲ ಮುಗಿಸಿ ಆತ ನೆಲದ ದಾರಿಯಲ್ಲೇ ಮರಳಿದ. ಸಿಂಧೂ ನದಿ ದಾಟುವಾಗ ಆತ ಆನೆಯ ಮೇಲಿದ್ದ, ಗ್ರಂಥಗಳು ದೋಣಿಯಲ್ಲಿದ್ದವು. ನಡುಹೊಳೆಯಲ್ಲಿ ಗಾಳಿಯೆದ್ದು ದೋಣಿ ಓಲಾಡಿತು. 50 ಹಸ್ತಪ್ರತಿಗಳೂ, ಊರಿಗೆಂದು ಕೂಡಿಟ್ಟಿದ್ದ ಹೂವಿನ ಬೀಜಗಳೂ ನೀರುಪಾಲಾದವು. ಉಳಿದ 657 ಗ್ರಂಥಗಳು 20 ಕುದುರೆಗಳ ಬೆನ್ನೇರಿ 645ರಲ್ಲಿ ಚಾಂಗಾನ್ ನಗರ ಮುಟ್ಟಿದವು.

ಹೊಳೆಪಾಲಾದ ಗ್ರಂಥಗಳನ್ನು ಆತ ಮರೆಯಲಿಲ್ಲ. 652ರಲ್ಲಿ ಬೋಧಗಯಾದ ಗೆಳೆಯರು ಪತ್ರದ ಜೊತೆ ಎರಡು ಬಿಳಿ ಹತ್ತಿ ಬಟ್ಟೆ ಕಳಿಸಿದ್ದರು. ಎರಡು ವರ್ಷದ ಬಳಿಕ ಉತ್ತರ ಬರೆಯುವಾಗ ತೀರಿಹೋಗಿದ್ದ ಗುರು ಶೀಲಭದ್ರರನ್ನು ನೆನೆದು ದುಃಖಪಟ್ಟ. ಅದೇ ಪತ್ರಕ್ಕೆ ನದಿಯಲ್ಲಿ ಕಳೆದ ಗ್ರಂಥಗಳ ಪಟ್ಟಿ ಲಗತ್ತಿಸಿ, ಸಾಧ್ಯವಾದರೆ ಕಳಿಸಿಕೊಡಿ ಎಂದು ಕೇಳಿಕೊಂಡ. 664ರಲ್ಲಿ ಸಾಯುವ ತನಕ ಅನುವಾದದ ಕೆಲಸ ನಿಲ್ಲಲಿಲ್ಲ. ಒಟ್ಟು 75 ಗ್ರಂಥಗಳು ಚೀನೀ ಭಾಷೆಗೆ ಬಂದವು. ಇವುಗಳಲ್ಲಿ ಕೆಲವುಗಳ ಸಂಸ್ಕೃತ ಮೂಲ ಇಲ್ಲಿ ಅಳಿದುಹೋಗಿ, ಈಗ ಅವನ ಅನುವಾದದಲ್ಲಷ್ಟೇ ಉಳಿದಿವೆ.

ಪ್ರವಾಸದ ಪುಸ್ತಕ ಬರೆಯಲು ಹೇಳಿದ್ದು ದೊರೆ ತೈಝೋಂಗ್. ಅಪ್ಪಣೆ ಮೀರಿ ಹೋದವನನ್ನು ಆತ ಕ್ಷಮಿಸಿದ್ದ. ಪಶ್ಚಿಮದ ರಾಜ್ಯಗಳ ಸಮಾಚಾರ ಅವನಿಗೆ ಬೇಕಿತ್ತು. 646ರಲ್ಲಿ ಶಿಷ್ಯ ಬಿಯಾನ್‌ಜಿಯ ನೆರವಿನಿಂದ ಪುಸ್ತಕ ಸಿದ್ಧವಾಯಿತು. ಅದರಲ್ಲಿ 138 ರಾಜ್ಯಗಳ ವಿವರವಿದೆ. 110 ಕಣ್ಣಾರೆ ಕಂಡವು, 28 ಕೇಳಿ ತಿಳಿದವು ಎಂದು ಪುಸ್ತಕದ ಮುನ್ನುಡಿಯಲ್ಲೇ ಹೇಳಿದೆ. ಪ್ರತಿ ಊರಿಗೂ ಒಂದೇ ಕ್ರಮ: ಹಿಂದಿನ ಊರಿನಿಂದ ಯಾವ ದಿಕ್ಕಿಗೆ ಎಷ್ಟು ‘ಲಿ’ ದೂರ, ಊರಿನ ಸುತ್ತಳತೆ, ಬೆಳೆ, ಹವೆ, ಜನರ ಸ್ವಭಾವ, ವಿಹಾರ ಮತ್ತು ದೇವಾಲಯಗಳ ಸಂಖ್ಯೆ.

ಪುಸ್ತಕ ಹಿಡಿದು ಹೊರಟ ಇಂಜಿನಿಯರ್

19ನೇ ಶತಮಾನದ ಆರಂಭಕ್ಕೆ ಬೌದ್ಧಧರ್ಮ ಗಂಗೆಯ ಬಯಲಿನಿಂದ ಹೆಚ್ಚೂಕಮ್ಮಿ ಅಳಿದು ನೆಲೆಗಳ ಹೆಸರೂ ಮಾಸಿದ್ದವು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕನನ್ ನಮ್ಮವರಿಗೆ ಗೊತ್ತು. ಅದೇ ಬುಕನನ್ ಮುಂದೆ ಬಿಹಾರದ ಬಡಗಾಂವ್ ಹಳ್ಳಿಯ ದೊಡ್ಡ ಇಟ್ಟಿಗೆ ದಿಬ್ಬಗಳನ್ನು ಕಂಡು ವರದಿ ಮಾಡಿದ. ಅದು ನಳಂದ ಎಂದು ಗುರುತಿಸಲು ಅವನ ಕೈಯಲ್ಲಿ ಆಧಾರವಿರಲಿಲ್ಲ.

ಆಧಾರ ಬಂದದ್ದು ಪ್ಯಾರಿಸ್ಸಿನಿಂದ. ಸ್ಟಾನಿಸ್ಲಾಸ್ ಜೂಲಿಯೆನ್ 1853ರಲ್ಲಿ ಹ್ಯೂಯೆನ್ ತ್ಸಾಂಗನ ಜೀವನಚರಿತ್ರೆಯನ್ನೂ, 1857-58ರಲ್ಲಿ ಪ್ರವಾಸ ಗ್ರಂಥವನ್ನೂ ಫ್ರೆಂಚಿಗೆ ತಂದ. ಸೇನೆಯಲ್ಲಿ ಇಂಜಿನಿಯರಾಗಿದ್ದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1861ರಲ್ಲಿ ಪುರಾತತ್ವ ಸರ್ವೇಕ್ಷಕನಾಗಿ ನೇಮಕವಾದಾಗ ಆ ಅನುವಾದವನ್ನೇ ದಾರಿಕೈಪಿಡಿ ಮಾಡಿಕೊಂಡ. ಗೊತ್ತಿದ್ದ ಊರುಗಳ ನಡುವಿನ ದೂರ ನೋಡಿ, ಆರು ಲಿ ಎಂದರೆ ಸುಮಾರು ಒಂದು ಮೈಲಿ ಎಂದು ಲೆಕ್ಕ ಹಿಡಿದ.

ಬಡಗಾಂವನ್ನೇ ನೋಡಿ. ರಾಜಗೃಹದಿಂದ ಉತ್ತರಕ್ಕೆ 30 ಲಿ ನಡೆದರೆ ನಳಂದ ಎಂದು ಪುಸ್ತಕ ಹೇಳುತ್ತದೆ. ಆ ಲೆಕ್ಕದಲ್ಲಿ ಐದು ಮೈಲಿಯಾಯಿತು. ರಾಜಗೀರಿನಿಂದ ನೆಟ್ಟಗೆ ಉತ್ತರಕ್ಕೆ ಏಳು ಮೈಲಿಯಲ್ಲಿ ಕನ್ನಿಂಗ್‌ಹ್ಯಾಮ್‌ಗೆ ಬಡಗಾಂವ್ ಸಿಕ್ಕಿತು. ದೂರ ತುಸು ಹೆಚ್ಚು, ದಿಕ್ಕು ಸರಿ. ಅಲ್ಲೇ ದೊರೆತ ಶಾಸನಗಳಲ್ಲಿ ನಳಂದದ ಹೆಸರಿದ್ದದ್ದರಿಂದ ಸಂಶಯ ಹರಿಯಿತು. 1915ರಲ್ಲಿ ಆರಂಭವಾದ ದೊಡ್ಡ ಉತ್ಖನನದಲ್ಲಿ ನಳಂದ ಮಹಾವಿಹಾರದ ಭಿಕ್ಷುಸಂಘದ ಮುದ್ರೆಗಳೇ ಮಣ್ಣಿನಿಂದೆದ್ದವು. 2016ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹೀಗೇ ಸಾಹೇಟ್-ಮಾಹೇಟ್ ದಿಬ್ಬಗಳು ಶ್ರಾವಸ್ತಿ ಎಂದು ಗುರುತಾದವು, ಕೋಸಂ ಹಳ್ಳಿ ಕೌಶಾಂಬಿಯಾಯಿತು. ಕುಶಿನಗರದಲ್ಲಿ ಕನ್ನಿಂಗ್‌ಹ್ಯಾಮ್‌ನ ಸಹಾಯಕ ಕಾರ್ಲೈಲ್ 1876ರಲ್ಲಿ ಅಗೆಸಿದಾಗ ಆರು ಮೀಟರ್ ಉದ್ದದ ಮಲಗಿದ ಬುದ್ಧ ಚೂರುಚೂರಾಗಿ ಸಿಕ್ಕಿದ. ಲುಂಬಿನಿಯ ಮುರಿದ ಕಂಬ 1896ರಲ್ಲಿ ಪತ್ತೆಯಾಯಿತು. ಬುದ್ಧ ಇಲ್ಲೇ ಹುಟ್ಟಿದ ಎಂಬ ಅಶೋಕನ ಬರಹ ಅದರ ಮೇಲಿತ್ತು.

ಎಲ್ಲ ಕಡೆಯೂ ಲೆಕ್ಕ ಇಷ್ಟು ಸಲೀಸಾಗಿ ಕೂಡಿಬರಲಿಲ್ಲ. ಕಪಿಲವಸ್ತುವಿನ ವಿಷಯದಲ್ಲಿ, ಎರಡು ಶತಮಾನ ಮೊದಲು ಬಂದಿದ್ದ ಫಾಹಿಯಾನ್ ಹೇಳಿದ ದಾರಿಗೂ ಹ್ಯೂಯೆನ್ ತ್ಸಾಂಗ್ ಹೇಳಿದ ದಾರಿಗೂ ಹೊಂದುವುದಿಲ್ಲ. ನೇಪಾಳ ತಿಲೌರಾಕೋಟ್ ಎನ್ನುತ್ತದೆ, ಭಾರತದಲ್ಲಿ ಪಿಪ್ರಾಹ್ವಾದ ಪರ ವಾದವಿದೆ. ಯಾತ್ರಿಕರು ಎರಡೂ ಕಡೆ ಹೋಗಿ ಕೈಮುಗಿದು ಬರುತ್ತಾರೆ.

ಕೊಂಕಣಪುರ ಎಲ್ಲಿ?

ಇನ್ನೊಂದು ಬಗೆಹರಿಯದ ಲೆಕ್ಕ ನಮ್ಮ ನೆಲದ್ದು. ಕಾಂಚಿಯಿಂದ ಕಾಡುದಾರಿಯಲ್ಲಿ ಉತ್ತರಕ್ಕೆ ಸುಮಾರು 2000 ಲಿ ನಡೆದು ಕೊಂಕಣಪುರ ಸೇರಿದೆ ಎನ್ನುತ್ತಾನೆ ಹ್ಯೂಯೆನ್ ತ್ಸಾಂಗ್. ಅಂದರೆ 530 ಕಿ.ಮೀ. ಆಸುಪಾಸು. ಫ್ರೆಂಚ್ ವಿದ್ವಾಂಸ ಸೇಂಟ್ ಮಾರ್ಟಿನ್ ಅದು ಬನವಾಸಿ ಎಂದ. ಕನ್ನಿಂಗ್‌ಹ್ಯಾಮ್ ತುಂಗಭದ್ರೆಯ ದಡದ ಆನೆಗೊಂದಿಯನ್ನು ತೋರಿಸಿದ. ನಕ್ಷೆಯಲ್ಲಿ ಗೆರೆ ಎಳೆದರೆ ಬನವಾಸಿಗೆ ದೂರ ಸರಿಹೊಂದುತ್ತದೆ, ದಿಕ್ಕು ತೀರಾ ಪಶ್ಚಿಮಕ್ಕೆ ವಾಲುತ್ತದೆ. ಆನೆಗೊಂದಿಗೆ ದಿಕ್ಕು ತುಸು ವಾಸಿ, ದೂರ ಕಡಿಮೆ ಬೀಳುತ್ತದೆ.

ಎರಡೂ ಕಡೆಗೆ ಆಧಾರಗಳಿವೆ. ಅಶೋಕನ ಕಾಲದ ಬೌದ್ಧ ಮಹಾಸಭೆಯ ನಂತರ ರಕ್ಖಿತ ಎಂಬ ಹಿರಿಯ ಭಿಕ್ಷುವನ್ನು ವನವಾಸಕ್ಕೆ, ಅಂದರೆ ಬನವಾಸಿ ಸೀಮೆಗೆ, ಕಳಿಸಿದರೆಂದು ಸಿಂಹಳದ ‘ಮಹಾವಂಸ’ ಹೇಳುತ್ತದೆ. ಆನೆಗೊಂದಿಗೆ ಹತ್ತಿರದ ಕೊಪ್ಪಳದಲ್ಲಿ, ಸ್ವಲ್ಪ ಆಚೆಯ ಮಸ್ಕಿಯಲ್ಲಿ ಅಶೋಕನ ಶಾಸನಗಳೇ ಇವೆ. ಕನ್ನಿಂಗ್‌ಹ್ಯಾಮ್ ಬದುಕಿದ್ದಾಗ ಇವು ಪತ್ತೆಯಾಗಿರಲಿಲ್ಲ. ಬನವಾಸಿಯತ್ತ ನನ್ನ ಮನಸ್ಸು ವಾಲುವುದಕ್ಕೆ ಕಾರಣ ಹ್ಯೂಯೆನ್ ತ್ಸಾಂಗ್ ಬಣ್ಣಿಸಿದ ಮರಗಳು. ಊರಿನ ಉತ್ತರಕ್ಕೆ 30 ಲಿ ಸುತ್ತಳತೆಯ ತಾಳೆವನ, ಎಲೆ ಉದ್ದ, ಅಗಲ, ಮಿರುಗುವ ಬಣ್ಣ, ಭಾರತದ ಎಲ್ಲ ರಾಜ್ಯಗಳಲ್ಲೂ ಬರೆಯಲು ಬಳಸುವುದು ಇದನ್ನೇ ಎಂಬ ಆ ವರ್ಣನೆ ನಮ್ಮ ಶ್ರೀತಾಳೆಗೆ ಒಪ್ಪುತ್ತದೆ. ಆಯುಸ್ಸಿನಲ್ಲಿ ಒಂದೇ ಸಲ ಹೂಬಿಟ್ಟು ಸಾಯುವ ಈ ಮರ ಕರಾವಳಿ, ಮಲೆನಾಡಿನ ಅಂಚಿನದು. ಮೂಡಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ‘ಧವಲಾ’ ಎಂಬ ಜೈನ ಗ್ರಂಥದ ಹಸ್ತಪ್ರತಿಗಳು ಶ್ರೀತಾಳೆಯ ಗರಿಯವು.

ಹುಡುಕುವವರಿಗೆ ಆತ ಗುರುತು ಬಿಟ್ಟಿದ್ದಾನೆ. ಊರಿನ ನೈರುತ್ಯಕ್ಕೆ, ಅಶೋಕ ಕಟ್ಟಿಸಿದನೆಂದು ಹೇಳುವ ಸುಮಾರು 100 ಅಡಿ ಎತ್ತರದ ಸ್ತೂಪ. ಪೂರ್ವಕ್ಕೆ, ಬುಡ ಕುಸಿದರೂ 30 ಅಡಿ ಉಳಿದಿದ್ದ ಇನ್ನೊಂದು. ಉತ್ತರಕ್ಕೆ ತಾಳೆವನ. ಈ ಮೂರೂ ಒಟ್ಟಿಗೆ ಕೂಡಿಬರುವ ಜಾಗವನ್ನು ಯಾರೂ ಇನ್ನೂ ತೋರಿಸಿಲ್ಲ.